ಓದುಗರ ಪ್ರಶ್ನೆ: ರೋಮನ್ ಅಂಕಿಗೆ ಕಂಪ್ಯೂಟರಿನ ಲೆಕ್ಕ

ಕಳೆದ ಎರಡು ತಿಂಗಳಲ್ಲಿ ಕೊಡಗಿನ ಓದುಗರಿಂದ ಬಂದ ಪತ್ರಗಳಲ್ಲಿ ಏಳು ಪತ್ರಗಳು ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಹಿಡಿದಿದ್ದುದರಿಂದ, ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ. ರೋಮನ್ ಅಕ್ಷರಗಳನ್ನು ಇಲ್ಲಿ ಅವುಗಳ ಹೆಸರಿನಿಂದಲೇ ಬರೆದು ನಡುವೆ ಅಡ್ಡಗೆರೆ ಹಾಕಿದ್ದೇನೆ. ಐ ಎಂದರೆ 1, ವಿ 5, ಎಕ್ಸ್ 10, ಎಲ್ 50, ಸಿ 100, ಡಿ 500, ಎಂ 1000. ಆ ಪ್ರಕಾರ ಹದಿನಾಲ್ಕು ಎಕ್ಸ್-ಐ-ವಿ ಆಗುತ್ತದೆ. ಗೆರೆಗಳು ಓದುವ ಅನುಕೂಲಕ್ಕೆ ಮಾತ್ರ, ಅಂಕಿಯ ಭಾಗವಲ್ಲ.

ಪ್ರಶ್ನೆ: ರೋಮನ್ ಅಂಕಿಯನ್ನು ಪೂರ್ಣಾಂಕವಾಗಿಸುವ ಪ್ರೋಗ್ರಾಂ ಬರೆಯಲು ಲ್ಯಾಬ್‌ನಲ್ಲಿ ಹೇಳಿದ್ದಾರೆ. ನಾನು ಒಂದೊಂದೇ ಅಕ್ಷರದ ಬೆಲೆಯನ್ನು ಕೂಡುತ್ತಾ ಹೋದೆ. ಎಕ್ಸ್-ವಿ-ಐ ಕೊಟ್ಟರೆ ಸರಿಯಾಗಿ 16 ಬರುತ್ತದೆ, ಆದರೆ ಎಕ್ಸ್-ಐ-ವಿ ಕೊಟ್ಟರೂ 16 ಬರುತ್ತದೆ. ಗೆಳತಿಯೊಬ್ಬಳು ಐ-ವಿ, ಐ-ಎಕ್ಸ್‌ನಂಥ ಕಳೆಯುವ ಆರು ಜೋಡಿಗಳಿಗೆ ಆರು ‘ಇಫ್’ ಬರೆದು ಮುಗಿಸಿದ್ದಾಳೆ. ಅದಕ್ಕಿಂತ ಸರಳವಾದ ದಾರಿ ಇದೆಯೇ?
(ಬಿಸಿಎ ವಿದ್ಯಾರ್ಥಿನಿ, ವಿರಾಜಪೇಟೆ)

ಉತ್ತರ: ಇದೆ, ಅಂಕಿಯನ್ನು ಬಲದಿಂದ ಎಡಕ್ಕೆ ಓದಿ. ಈಗಷ್ಟೇ ಎಣಿಸಿದ ಅಕ್ಷರದ ಬೆಲೆಯನ್ನು ‘ಹಿಂದಿನದು’ ಎಂಬ ಹೆಸರಿನ ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ. ಆರಂಭದಲ್ಲಿ ಅದರ ಬೆಲೆ ಸೊನ್ನೆ. ಕೈಗೆ ಬಂದ ಅಕ್ಷರದ ಬೆಲೆ ‘ಹಿಂದಿನದು’ ಇರುವುದಕ್ಕಿಂತ ಕಡಿಮೆಯಾಗಿದ್ದರೆ ಮೊತ್ತದಿಂದ ಕಳೆಯಿರಿ, ಸಮನಾಗಿದ್ದರೆ ಅಥವಾ ಹೆಚ್ಚಾಗಿದ್ದರೆ ಕೂಡಿರಿ. ಆರು ‘ಇಫ್’ ಬರೆಯುವ ಕಡೆ ಒಂದೇ ಸಾಕಾಗುತ್ತದೆ.

ಕೊಡಗು ಮೈಸೂರು ರಾಜ್ಯದೊಳಗೆ ಸೇರಿದ 1956ನೇ ಇಸವಿಯನ್ನೇ ತೆಗೆದುಕೊಳ್ಳೋಣ. ಅದರ ರೋಮನ್ ರೂಪ ಎಂ-ಸಿ-ಎಂ-ಎಲ್-ವಿ-ಐ. ಬಲತುದಿಯ ಐ ಸೇರಿದಾಗ ಮೊತ್ತ 1. ವಿ ಅದಕ್ಕಿಂತ ದೊಡ್ಡದು, ಕೂಡಿದರೆ 6. ಎಲ್ ಇನ್ನೂ ದೊಡ್ಡದು, 56. ಎಂ ಬಂದಾಗ 1056. ಈಗ ಎದುರಾಗುವ ಸಿ, ಅಂದರೆ 100, ಈಗಷ್ಟೇ ಎಣಿಸಿದ 1000ಕ್ಕಿಂತ ಕಡಿಮೆ. ಆದ್ದರಿಂದ ಕಳೆದು 956. ಕೊನೆಗೆ ಎಡತುದಿಯ ಎಂ, ‘ಹಿಂದಿನದು’ ಆಗಿರುವ 100ಕ್ಕಿಂತ ದೊಡ್ಡದಾದುದರಿಂದ ಕೂಡಿ 1956. ಎಡದಿಂದ ಬಲಕ್ಕೂ ಇದೇ ಕೆಲಸ ಮಾಡಬಹುದು, ಆದರೆ ಆಗ ಪ್ರತಿ ಹೆಜ್ಜೆಯಲ್ಲೂ ಮುಂದಿನ ಅಕ್ಷರವನ್ನು ಇಣುಕಿ ನೋಡಬೇಕು. ಕೊನೆಯ ಅಕ್ಷರಕ್ಕೆ ಮುಂದಿನದೇ ಇರುವುದಿಲ್ಲ ಎಂಬುದನ್ನು ಮರೆತು ಪ್ರೋಗ್ರಾಂ ಅಲ್ಲೇ ಮುಗ್ಗರಿಸುವುದನ್ನು ನಾನು ಬಹಳ ಸಲ ನೋಡಿದ್ದೇನೆ, ನನ್ನ ಪ್ರೋಗ್ರಾಂಗಳಲ್ಲೂ ನೋಡಿದ್ದೇನೆ.

ದೊಡ್ಡದರ ಮುಂದೆ ಚಿಕ್ಕದನ್ನಿಟ್ಟು ಕಳೆಯುವ ಈ ಕ್ರಮ ವಿದೇಶೀಯರ ವಿಚಿತ್ರ ಅಭ್ಯಾಸವೆಂದು ನಿಮಗೆ ಅನ್ನಿಸಿದ್ದರೆ ನಮ್ಮ ‘ಒಂಬತ್ತು’ ಎಂಬ ಪದವನ್ನೇ ಸ್ವಲ್ಪ ಬಿಡಿಸಿ ನೋಡಿ. ಅದರೊಳಗೆ ‘ಪತ್ತು’, ಅಂದರೆ ಹತ್ತು, ಅಡಗಿ ಕುಳಿತಿದೆ. ಹತ್ತಕ್ಕೆ ಒಂದು ಕಡಿಮೆ ಎಂಬುದು ಭಾಷಾಶಾಸ್ತ್ರಜ್ಞರು ಅದಕ್ಕೆ ಹೇಳುವ ಅರ್ಥ. ಎಕ್ಸ್‌ನ ಮುಂದೆ ಐ ಇಟ್ಟಂತೆಯೇ ಆಯಿತು. ಕನ್ನಡದ ತೊಂಬತ್ತರಲ್ಲಿ ಇದು ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ, ಆದರೆ ಮಾಕುಟ್ಟ ದಾಟಿ ಆಚೆ ಇಳಿದರೆ ಮಲಯಾಳದಲ್ಲಿ ತೊಂಬತ್ತಕ್ಕೆ ‘ತೊಣ್ಣೂರ್’, ಒಂಬೈನೂರಕ್ಕೆ ‘ತೊಳ್ಳಾಯಿರಂ’. ಮೊದಲನೆಯದು ನೂರಿನಲ್ಲಿಯೂ ಎರಡನೆಯದು ಸಾವಿರದಲ್ಲಿಯೂ ಮುಗಿಯುತ್ತವೆ. ರೋಮನ್ನರ ಎಕ್ಸ್-ಸಿ ಮತ್ತು ಸಿ-ಎಂ ಕೂಡ ಹಾಗೆಯೇ ಮುಗಿಯುತ್ತವೆ. ಸಂಸ್ಕೃತದಲ್ಲಿ ಹತ್ತೊಂಬತ್ತಕ್ಕೆ ‘ಏಕೋನವಿಂಶತಿ’ ಎಂದಿರುವುದೂ ಇದೇ ಜಾತಿಯ ಲೆಕ್ಕ. ಪರೀಕ್ಷೆಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಆದರೆ ನಿಯಮವನ್ನು ನೆನಪಿಟ್ಟುಕೊಳ್ಳಲು ಒಂದು ಹಿಡಿಕೆಯಾಗುತ್ತದೆ.

ಪ್ರಶ್ನೆ: ನನ್ನ ಸಮಸ್ಯೆ ತಿರುಗುಮುರುಗು. ಪೂರ್ಣಾಂಕ ಕೊಟ್ಟರೆ ರೋಮನ್ ಅಂಕಿ ಬರಬೇಕು. ಏಳು ಅಕ್ಷರಗಳ ಪಟ್ಟಿ ಮಾಡಿ ದೊಡ್ಡದರಿಂದ ಕಳೆಯುತ್ತಾ ಬಂದೆ. 1834 ಕೊಟ್ಟರೆ ಕೊನೆಯಲ್ಲಿ ನಾಲ್ಕು ಐಗಳು ಬರುತ್ತವೆ.
(ಡಿಪ್ಲೊಮಾ ವಿದ್ಯಾರ್ಥಿ, ಕುಶಾಲನಗರ)

ಉತ್ತರ: ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ವರ್ಷವನ್ನೇ ನೀವು ಪರೀಕ್ಷೆಗೆ ಆರಿಸಿಕೊಂಡಿರುವುದು ಸಂತೋಷ. ನಿಮ್ಮ ವಿಧಾನ ಸರಿಯಾಗಿಯೇ ಇದೆ, ಪಟ್ಟಿ ಮಾತ್ರ ಗಿಡ್ಡವಾಯಿತು. ಏಳರ ಜೊತೆಗೆ ಕಳೆಯುವ ಆರು ಜೋಡಿಗಳನ್ನೂ ಸ್ವತಂತ್ರ ನಾಣ್ಯಗಳೆಂಬಂತೆ ಸೇರಿಸಿಬಿಡಿ: ಸಿ-ಎಂ 900, ಸಿ-ಡಿ 400, ಎಕ್ಸ್-ಸಿ 90, ಎಕ್ಸ್-ಎಲ್ 40, ಐ-ಎಕ್ಸ್ 9, ಐ-ವಿ 4. ಈಗ ಪಟ್ಟಿಯಲ್ಲಿ ಹದಿಮೂರು ಸಾಲುಗಳಿವೆ. ಸಂತೆಯಲ್ಲಿ ಚಿಲ್ಲರೆ ಕೊಡುವವನು ದೊಡ್ಡ ನೋಟಿನಿಂದ ಆರಂಭಿಸುವ ಹಾಗೆ, ಉಳಿದ ಮೊತ್ತದಲ್ಲಿ ಹಿಡಿಸುವ ಅತಿ ದೊಡ್ಡ ಬೆಲೆಯನ್ನು ತೆಗೆದು, ಅದರ ಅಕ್ಷರವನ್ನು ಬರೆದು, ಮತ್ತೆ ಅದನ್ನೇ ಪ್ರಯತ್ನಿಸಿ, ಹಿಡಿಸದಿದ್ದಾಗ ಮುಂದಿನ ಸಾಲಿಗೆ ಇಳಿಯಬೇಕು.

1834ರಲ್ಲಿ ಮೊದಲು ಎಂ ಹೋಗಿ 834 ಉಳಿಯುತ್ತದೆ. 900 ಹಿಡಿಸುವುದಿಲ್ಲ. 500 ಹಿಡಿಸುತ್ತದೆ, ಡಿ ಬರೆದು 334. 400 ಹಿಡಿಸುವುದಿಲ್ಲ, ಮೂರು ಸಿ ಬರೆದು 34. 90, 50, 40 ಮೂರನ್ನೂ ದಾಟಿ ಮೂರು ಎಕ್ಸ್ ಬರೆದರೆ 4. ಆ 4 ಈಗ ಪಟ್ಟಿಯಲ್ಲೇ ಇರುವುದರಿಂದ ಐ-ವಿ ಬರೆದು ಸೊನ್ನೆ ಮುಟ್ಟುತ್ತೀರಿ: ಎಂ-ಡಿ-ಸಿ-ಸಿ-ಸಿ-ಎಕ್ಸ್-ಎಕ್ಸ್-ಎಕ್ಸ್-ಐ-ವಿ.

ಈ ವಿಧಾನದ ಸೊಗಸು ಏನೆಂದರೆ, ಯಾವ ಅಕ್ಷರ ಎಷ್ಟು ಸಲ ಬರಬಹುದು ಎಂಬ ನಿಯಮಗಳನ್ನು ನೀವು ಬೇರೆಯಾಗಿ ಬರೆಯಬೇಕಾಗಿಯೇ ಇಲ್ಲ. ಡಿ ಬರೆಯುವಾಗ ಉಳಿದ ಮೊತ್ತ 900ಕ್ಕಿಂತ ಕಡಿಮೆ ಇದ್ದೇ ಇರುತ್ತದೆ. 500 ಕಳೆದ ಮೇಲೆ 400ಕ್ಕಿಂತ ಕಡಿಮೆ ಉಳಿಯುತ್ತದೆ. ಆದ್ದರಿಂದ ಎರಡನೆಯ ಡಿ ಬರುವುದಕ್ಕೂ ಡಿಯ ಬೆನ್ನಿಗೇ ಸಿ-ಡಿ ಬರುವುದಕ್ಕೂ ಅವಕಾಶವೇ ಇಲ್ಲ. ಉಳಿದ ಸಾಲುಗಳಿಗೂ ಇದೇ ತರ್ಕ ಹೊಂದುತ್ತದೆ. ತಡೆ ಇಲ್ಲದಿರುವುದು ಎಂ ಒಂದಕ್ಕೆ ಮಾತ್ರ. 4000 ಕೊಟ್ಟರೆ ಪ್ರೋಗ್ರಾಂ ಮರುಮಾತಿಲ್ಲದೆ ನಾಲ್ಕು ಎಂ ಬರೆಯುತ್ತದೆ, 40000 ಕೊಟ್ಟರೆ ನಲವತ್ತು. ಆದುದರಿಂದ 1ರಿಂದ 3999ರ ಒಳಗೆ ಇಲ್ಲದ ಸಂಖ್ಯೆಯನ್ನು ಬಾಗಿಲಲ್ಲೇ ತಡೆಯುವ ಒಂದು ಸಾಲು ಬೇಕು.

ಇದರ ಬದಲು ಸಾವಿರ, ನೂರು, ಹತ್ತು, ಬಿಡಿ ಎಂಬ ನಾಲ್ಕು ಸ್ಥಾನಗಳಿಗೆ ನಾಲ್ಕು ಪಟ್ಟಿ ಮಾಡಿ, ಪ್ರತಿ ಸ್ಥಾನದ ಅಂಕಿಗೆ ಸಿದ್ಧ ತುಣುಕನ್ನು ಎತ್ತಿ ಜೋಡಿಸುವ ದಾರಿಯೂ ಇದೆ. ‘ಸಾವಿರದ ಎಂಟುನೂರ ಮೂವತ್ತನಾಲ್ಕು’ ಎಂದು ನಾವು ಬಾಯಲ್ಲಿ ಹೇಳುವ ಕ್ರಮವೇ ಅದು. ಅದೂ ಸರಿಯೇ. ಆದರೂ ಹದಿಮೂರು ಸಾಲಿನ ಪಟ್ಟಿಯನ್ನೇ ನಾನು ಹೆಚ್ಚು ಇಷ್ಟಪಡುತ್ತೇನೆ, ಏಕೆಂದರೆ ಅದರಲ್ಲಿ ಬೆರಳಚ್ಚಿನ ತಪ್ಪಿದ್ದರೆ ಕಣ್ಣಿಗೆ ಬೇಗ ಬೀಳುತ್ತದೆ.

ಪ್ರಶ್ನೆ: ನಮ್ಮ ಸಂಘದ ಹಳೆಯ ನಡವಳಿ ಪುಸ್ತಕಗಳ ವಿವರವನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೇವೆ. ಸಂಪುಟದ ಸಂಖ್ಯೆಗಳೆಲ್ಲ ರೋಮನ್‌ನಲ್ಲಿವೆ. ಒಬ್ಬ ಗುಮಾಸ್ತರು ನಾಲ್ಕನ್ನು ಐ-ಐ-ಐ-ಐ ಎಂದೂ, ಒಂಬತ್ತನ್ನು ವಿ-ಐ-ಐ-ಐ-ಐ ಎಂದೂ ಬರೆದಿದ್ದಾರೆ. ಇನ್ನೊಬ್ಬರು ಎಂಟನ್ನು ಐ-ಐ-ಎಕ್ಸ್ ಎಂದಿದ್ದಾರೆ. ಬೆರಳಚ್ಚಿನ ಪಟ್ಟಿಗಳೂ ಇವೆ. ತಂತ್ರಾಂಶ ಕೆಲವನ್ನು ತಿರಸ್ಕರಿಸುತ್ತದೆ, ಕೆಲವನ್ನು ಸದ್ದಿಲ್ಲದೆ ತಪ್ಪಾಗಿ ಓದುತ್ತದೆ. ಯಾವುದನ್ನು ಸರಿ ಎನ್ನಬೇಕು?
(ಸಹಕಾರ ಸಂಘದ ನೌಕರ, ಪೊನ್ನಂಪೇಟೆ)

ಉತ್ತರ: ಬಂದ ಪತ್ರಗಳಲ್ಲಿ ಇದೇ ಮುಖ್ಯವಾದುದು. ಪರಿವರ್ತನೆ ಸುಲಭದ ಕೆಲಸ. ಯಾವುದನ್ನು ಒಳಗೆ ಬಿಟ್ಟುಕೊಳ್ಳಬೇಕು ಎಂಬ ತೀರ್ಮಾನವೇ ಕಷ್ಟದ್ದು, ಮತ್ತು ಓದುವಾಗಿನ ತೀರ್ಮಾನವೂ ಬರೆಯುವಾಗಿನ ತೀರ್ಮಾನವೂ ಒಂದೇ ಆಗಬೇಕಾಗಿಲ್ಲ.

ಮೊದಲು ಆ ಗುಮಾಸ್ತರ ಪರವಾಗಿ ಒಂದು ಮಾತು. ನಾಲ್ಕು ಐ ಬರೆದವರು ತಪ್ಪು ಮಾಡಿದವರಲ್ಲ. ರೋಮ್‌ನ ಕೊಲೊಸಿಯಂನಲ್ಲಿ ಇಂದಿಗೂ ಉಳಿದಿರುವ ಬಾಗಿಲುಗಳಲ್ಲಿ 44ನೆಯದರ ಮೇಲೆ ಕೆತ್ತಿರುವುದು ಎಕ್ಸ್-ಎಲ್-ಐ-ಐ-ಐ-ಐ. ಅಂದರೆ ಒಂದೇ ಅಂಕಿಯಲ್ಲಿ ನಲವತ್ತನ್ನು ಕಳೆದು ಬರೆದಿದ್ದಾರೆ, ನಾಲ್ಕನ್ನು ಕೂಡಿ ಬರೆದಿದ್ದಾರೆ. ಲಂಡನ್ನಿನ ಅಡ್ಮಿರಾಲ್ಟಿ ಕಮಾನಿನ ಮೇಲೆ 1910ನೇ ಇಸವಿ ಎಂ-ಡಿ-ಸಿ-ಸಿ-ಸಿ-ಸಿ-ಎಕ್ಸ್ ಎಂದು ಕೆತ್ತಲ್ಪಟ್ಟಿದೆ. ಗೋಡೆ ಗಡಿಯಾರಗಳ ನಾಲ್ಕು ಗಂಟೆಯನ್ನು ಬೇರೆ ಹೇಳಬೇಕಾಗಿಲ್ಲ. ಕಳೆಯುವ ಆರು ಜೋಡಿಗಳು ಮಾತ್ರ, ಉಳಿದೆಡೆ ಮೂರಕ್ಕಿಂತ ಹೆಚ್ಚು ಪುನರಾವೃತ್ತಿ ಇಲ್ಲ ಎಂಬ ಬಿಗಿ ನಿಯಮ ನಾವು ಶಾಲೆಯಲ್ಲಿ ಕಲಿತದ್ದು, ರೋಮನ್ನರು ಪಾಲಿಸಿದ್ದಲ್ಲ. ಬಲದಿಂದ ಎಡಕ್ಕೆ ಓದುವ ವಿಧಾನ ಈ ಹಳೆಯ ರೂಪಗಳನ್ನೂ ಸರಿಯಾಗಿಯೇ ಓದುತ್ತದೆ.

ಐ-ಐ-ಎಕ್ಸ್ ಮಾತ್ರ ಬೇರೆ ಮಾತು. ಮೇಲೆ ವಿರಾಜಪೇಟೆಯ ವಿದ್ಯಾರ್ಥಿನಿಗೆ ಹೇಳಿದ ವಿಧಾನದಲ್ಲಿ ಎಕ್ಸ್ 10, ಅದರ ಎಡದ ಐ ಕಳೆದು 9, ಇನ್ನೂ ಎಡದ ಐ ತನ್ನ ಬಲದ ಐಗೆ ಸಮನಾದುದರಿಂದ ಕೂಡಿ ಮತ್ತೆ 10. ಎಂಟು ಹತ್ತಾಯಿತು. ಪಕ್ಕದ ಅಕ್ಷರದೊಂದಿಗೆ ಹೋಲಿಸುವ ಬದಲು ಇದುವರೆಗೆ ಕಂಡ ಅತಿ ದೊಡ್ಡ ಬೆಲೆಯೊಂದಿಗೆ ಹೋಲಿಸಿದರೆ ಎರಡೂ ಐಗಳು ಕಳೆಯಲ್ಪಟ್ಟು 8 ಬರುತ್ತದೆ. ಕ್ರಮಬದ್ಧವಾದ ಅಂಕಿಗಳಲ್ಲಿ ಈ ಎರಡು ಪ್ರೋಗ್ರಾಂಗಳಿಗೆ ಎಳ್ಳಷ್ಟೂ ವ್ಯತ್ಯಾಸ ಕಾಣುವುದಿಲ್ಲ, ಕ್ರಮ ತಪ್ಪಿದಲ್ಲಿ ಮಾತ್ರ ಅವು ಬೇರೆಯಾಗುತ್ತವೆ. ನಿಮ್ಮ ತಂತ್ರಾಂಶ ಸದ್ದಿಲ್ಲದೆ ತಪ್ಪು ಓದುತ್ತಿರುವುದು ಇಂಥ ಕಡೆಯಲ್ಲೇ ಇರಬೇಕು.

ಇದನ್ನು ಹಿಡಿಯಲು ನಾನು ಬಳಸುವ ಉಪಾಯ ಹೋಗಿ ಬರುವ ಪರೀಕ್ಷೆ. ಬಂದ ಅಂಕಿಯನ್ನು ಪೂರ್ಣಾಂಕ ಮಾಡಿ, ಆ ಪೂರ್ಣಾಂಕವನ್ನು ಹದಿಮೂರು ಸಾಲಿನ ಪಟ್ಟಿಯಿಂದ ಮತ್ತೆ ರೋಮನ್ ಮಾಡಿ, ಮೊದಲು ಬಂದದ್ದರೊಂದಿಗೆ ಹೋಲಿಸಿ. ಐ-ಐ-ಎಕ್ಸ್ ಹತ್ತಾಗಿ ಹೋಗಿ ಎಕ್ಸ್ ಆಗಿ ಹಿಂದಿರುಗುತ್ತದೆ, ಹೋಲುವುದಿಲ್ಲ, ಸಿಕ್ಕಿಬಿತ್ತು. ಐ-ಸಿ ಎಂದು ಯಾರಾದರೂ 99 ಬರೆದಿದ್ದರೆ ಅದು ಎಕ್ಸ್-ಸಿ-ಐ-ಎಕ್ಸ್ ಆಗಿ ಹಿಂದಿರುಗುತ್ತದೆ. ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಅಕ್ಷರಗಳು ಬರಬಹುದಾದ ಕ್ರಮವನ್ನು ಹೇಳುವ ಸೂತ್ರ, ಬರೆದು ಪರೀಕ್ಷಿಸುವವರೂ ಇದ್ದಾರೆ. ಅದರಲ್ಲಿ ಸಾವಿರ, ನೂರು, ಹತ್ತು, ಬಿಡಿಗಳ ನಾಲ್ಕೂ ಭಾಗಗಳು ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು ಎಂಬಂತೆ ಇರುವುದರಿಂದ ಖಾಲಿ ಕೋಶವೂ ಸಲೀಸಾಗಿ ಪಾಸಾಗಿ ಸೊನ್ನೆಯಾಗಿ ಕುಳಿತುಬಿಡುತ್ತದೆ. ಹಿಂದೆ ಒಂದು ಕಚೇರಿಗೆ ನಾನೇ ಬರೆದುಕೊಟ್ಟ ಸೂಚಿಯಲ್ಲಿ ‘ಸಂಪುಟ 0’ ಎಂಬ ಸಾಲುಗಳು ಕಾಣಿಸಿಕೊಂಡಾಗ ನನಗೆ ಈ ಪಾಠವಾಯಿತು.

ಪರೀಕ್ಷೆಯಲ್ಲಿ ಸೋತದ್ದನ್ನೆಲ್ಲ ಬಿಸಾಡಬೇಡಿ. ಪುಸ್ತಕದಲ್ಲಿ ಕಂಡ ರೂಪ ಒಂದು ಕಾಲಂನಲ್ಲಿ ಹಾಗೆಯೇ ಇರಲಿ. ಅದರ ಪೂರ್ಣಾಂಕ ಎರಡನೆಯದರಲ್ಲಿ. ಹೋಗಿ ಬಂದಾಗ ಹೋಲಲಿಲ್ಲ ಎಂಬ ಗುರುತು ಮೂರನೆಯದರಲ್ಲಿ. ಗುರುತು ಬಿದ್ದ ಸಾಲುಗಳನ್ನು ಮನುಷ್ಯನೊಬ್ಬ ಕುಳಿತು ನೋಡಲಿ. ಐ-ಐ-ಐ-ಐ ನಾಲ್ಕೇ ಎಂದು ಅವನು ಒಪ್ಪುತ್ತಾನೆ, ಐ-ಐ-ಎಕ್ಸ್ ಎಂಟೆಂದು ತಿದ್ದುತ್ತಾನೆ. ಹಳೆಯ ಕೈಬರಹದಲ್ಲಿ ಕೊನೆಯ ಐಯನ್ನು ಬಾಲವೆಳೆದು ಜೆ ಎಂದು ಬರೆಯುವ ರೂಢಿಯೂ ಇತ್ತು. ಕೊನೆಯಲ್ಲಿ ಬಂದ ಜೆಯನ್ನು ಐ ಎಂದೇ ಓದಿಸಿ.

ಬೆರಳಚ್ಚಿನ ಪಟ್ಟಿಗಳಲ್ಲಿ ಮಾತ್ರ ಈ ಪರೀಕ್ಷೆಯನ್ನೂ ಪೂರ್ತಿ ನಂಬಬೇಡಿ. ದೊಡ್ಡ ಐ, ಚಿಕ್ಕ ಎಲ್, ಅಂಕಿ 1, ಈ ಮೂರೂ ಒಂದೇ ಕಡ್ಡಿಯ ಹಾಗೆ ಕಾಣುತ್ತವೆ, ಮತ್ತು ಅನೇಕ ಟೈಪ್‌ರೈಟರ್‌ಗಳಲ್ಲಿ 1ರ ಕೀಲಿಯೇ ಇಲ್ಲದೆ ಚಿಕ್ಕ ಎಲ್‌ನಿಂದ ಆ ಕೆಲಸ ಮಾಡಿಸುತ್ತಿದ್ದರು. ಹನ್ನೊಂದನ್ನು ಎಕ್ಸ್ ಮತ್ತು ಚಿಕ್ಕ ಎಲ್ ಹೊಡೆದು ಬರೆದಿದ್ದರೆ, ನಿಮ್ಮ ತಂತ್ರಾಂಶ ಅದನ್ನು ದೊಡ್ಡಕ್ಷರ ಮಾಡಿ ಎಕ್ಸ್-ಎಲ್ ಎಂದು ಓದಿ 40 ಕೊಡುತ್ತದೆ. ಹೋಗಿ ಬಂದರೂ ಅದು ಎಕ್ಸ್-ಎಲ್ ಆಗಿಯೇ ಬರುತ್ತದೆ, ಪರೀಕ್ಷೆ ಪಾಸು. ಚಿಕ್ಕ ಎಲ್ ಮುಂದೆ ದೊಡ್ಡ ವಿ ಇದ್ದರೆ ನಾಲ್ಕು 55 ಆಗುತ್ತದೆ, ಅದೂ ಪಾಸು. ಇಂಥದ್ದನ್ನು ಹಿಡಿಯುವುದು ನೆರೆಹೊರೆ ಮಾತ್ರ: ಮೂರನೆಯ ಮತ್ತು ಐದನೆಯ ಸಂಪುಟಗಳ ನಡುವೆ 55 ಕುಳಿತಿದ್ದರೆ ಪುಸ್ತಕ ತೆರೆದು ನೋಡಬೇಕು. ದೊಡ್ಡಕ್ಷರ ಚಿಕ್ಕಕ್ಷರ ಬೆರೆತಿರುವ ಅಂಕಿಗಳಿಗೆ ಮೊದಲೇ ಗುರುತು ಹಾಕಿಕೊಂಡರೆ ಈ ಹುಡುಕಾಟ ಬಹಳಷ್ಟು ಕಡಿಮೆಯಾಗುತ್ತದೆ.

ಪ್ರಶ್ನೆ: ತೋಟದ ಲೆಕ್ಕಪತ್ರದ ಅನುಬಂಧಗಳಿಗೆ ಎಕ್ಸೆಲ್‌ನ ‘ರೋಮನ್’ ಫಂಕ್ಷನ್ ಬಳಸಿದ್ದೆ. ವೋಚರ್ ಸಂಖ್ಯೆ 499ಕ್ಕೆ ಅದು ಐ-ಡಿ ಎಂದು ಕೊಟ್ಟಿತು. ಲೆಕ್ಕ ಪರಿಶೋಧಕರು ಯಾರದೋ ಗುರುತಿನ ಚೀಟಿ ಎಂದುಕೊಂಡರು. ಇದು ಎಕ್ಸೆಲ್‌ನ ದೋಷವೇ?
(ಕಾಫಿ ತೋಟದ ರೈಟರ್, ಸುಂಟಿಕೊಪ್ಪ)

ಉತ್ತರ: ದೋಷವಲ್ಲ. ಆ ಫಂಕ್ಷನ್ನಿಗೆ ಸಂಖ್ಯೆಯ ನಂತರ ಎರಡನೆಯದಾಗಿ 0ಯಿಂದ 4ರವರೆಗಿನ ಒಂದು ರೂಪಸಂಖ್ಯೆಯನ್ನು ಕೊಡಬಹುದು, ನೀವು ಅಲ್ಲಿ 4 ಕೊಟ್ಟಿದ್ದೀರಿ. 0 ಎಂದರೆ ಶಾಲೆಯ ರೂಪ. ಮೇಲೇರಿದಂತೆ ಅದು ಅಂಕಿಯನ್ನು ಇನ್ನಷ್ಟು ಕುಗ್ಗಿಸಲು ನೋಡುತ್ತದೆ. 499 ಕ್ರಮವಾಗಿ ಸಿ-ಡಿ-ಎಕ್ಸ್-ಸಿ-ಐ-ಎಕ್ಸ್, ಎಲ್-ಡಿ-ವಿ-ಎಲ್-ಐ-ವಿ, ಎಕ್ಸ್-ಡಿ-ಐ-ಎಕ್ಸ್, ವಿ-ಡಿ-ಐ-ವಿ, ಐ-ಡಿ ಆಗುತ್ತಾ ಹೋಗುತ್ತದೆ. ಲೆಕ್ಕದ ದೃಷ್ಟಿಯಿಂದ ಐದೂ ಸರಿ, ಕಾಗದದ ಮೇಲೆ ಮೊದಲನೆಯದನ್ನು ಬಿಟ್ಟು ಉಳಿದವನ್ನು ಯಾರೂ ಓದಲಾರರು. ಎರಡನೆಯ ಅಂಕವನ್ನು ಅಳಿಸಿಬಿಡಿ.

ಆ ಫಂಕ್ಷನ್ 3999ಕ್ಕಿಂತ ದೊಡ್ಡದಕ್ಕೆ ದೋಷಸೂಚನೆ ಕೊಡುತ್ತದೆ, ಸೊನ್ನೆಗೆ ಖಾಲಿ ಬಿಡುತ್ತದೆ. ಅದು ಕೊಡುವುದು ಬರಹವೇ ಹೊರತು ಸಂಖ್ಯೆಯಲ್ಲ, ಆದ್ದರಿಂದ ಆ ಕಾಲಂ ಅನ್ನು ಕೂಡಲಾಗದು. ಹಿಂದಕ್ಕೆ ತಿರುಗಿಸಲು ‘ಅರೇಬಿಕ್’ ಎಂಬ ಫಂಕ್ಷನ್ ಎಕ್ಸೆಲ್‌ನ 2013ರ ಆವೃತ್ತಿಯಿಂದ ಇದೆ. ವೋಚರ್‌ಗಳಿಗೆ ರೋಮನ್ ಅಂಕಿ ಏಕೆ ಬೇಕಾಯಿತು ಎಂಬುದು ಮಾತ್ರ ನನಗೆ ತಿಳಿಯಲಿಲ್ಲ.

ಪ್ರಶ್ನೆ: ಸಂವಿಧಾನದ ಭಾಗಗಳ ಪಟ್ಟಿಯೊಂದನ್ನು ವಿದ್ಯಾರ್ಥಿಗಳಿಗಾಗಿ ಡೇಟಾಬೇಸಿನಲ್ಲಿ ಇಟ್ಟಿದ್ದೇನೆ. ವಿಂಗಡಿಸಿದರೆ ಒಂಬತ್ತನೆಯ ಭಾಗ ಐದನೆಯದಕ್ಕಿಂತ ಮೊದಲು ಬರುತ್ತದೆ. ನಾಲ್ಕು-ಎ ಎಂಬಂಥ ಭಾಗಗಳನ್ನು ಪ್ರೋಗ್ರಾಂ ಓದುವುದೇ ಇಲ್ಲ.
(ವಕೀಲರು, ಮಡಿಕೇರಿ)

ಉತ್ತರ: ಕಂಪ್ಯೂಟರ್ ಅವುಗಳನ್ನು ಪದಗಳೆಂದು ತಿಳಿದು ಅಕಾರಾದಿಯಾಗಿ ಜೋಡಿಸುತ್ತಿದೆ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಐ ಮೊದಲು, ವಿ ಆಮೇಲೆ. ಆದ್ದರಿಂದ ಐಯಿಂದ ಆರಂಭವಾಗುವ ಐ-ಎಕ್ಸ್ ಬರಿಯ ವಿಗಿಂತ ಮುಂದೆ ನಿಲ್ಲುತ್ತದೆ. ಪೂರ್ಣಾಂಕವನ್ನು ಒಂದು ಕಾಲಂನಲ್ಲಿ ಇಟ್ಟು ಅದರ ಮೇಲೆ ವಿಂಗಡಿಸಿ, ರೋಮನ್ ರೂಪವನ್ನು ತೋರಿಸುವ ಹೊತ್ತಿಗೆ ತಯಾರಿಸಿಕೊಳ್ಳಿ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶ ಬಳಸುತ್ತಿದ್ದರೆ ಅದರ ‘ಟು ಚಾರ್’ ಫಂಕ್ಷನ್ನಿಗೆ ‘ಆರ್‌ಎನ್’ ಎಂಬ ಮಾದರಿಯನ್ನು ಕೊಟ್ಟರೆ ಸಾಕು. ಜಾಲಪುಟದ ಪಟ್ಟಿಗಳಲ್ಲಿ ಬ್ರೌಸರೇ ಆ ಕೆಲಸ ಮಾಡಿಕೊಡುತ್ತದೆ.

ನಾಲ್ಕು-ಎ ಭಾಗ, ಅಂದರೆ ಮೂಲಭೂತ ಕರ್ತವ್ಯಗಳು, 1976ರ 42ನೇ ತಿದ್ದುಪಡಿಯಿಂದ ಸೇರಿದ್ದು. ಒಂಬತ್ತಕ್ಕೆ ಎ ಮತ್ತು ಬಿ ಎರಡೂ ಅಂಟಿಕೊಂಡಿವೆ. ಎ ಎಂಬುದು ರೋಮನ್ ಅಂಕಿಯ ಅಕ್ಷರವಲ್ಲವಾದ್ದರಿಂದ ನಿಮ್ಮ ಪ್ರೋಗ್ರಾಂ ತಡೆದದ್ದು ಒಳ್ಳೆಯದೇ ಆಯಿತು. ತಿಳಿಯದ ಅಕ್ಷರವನ್ನು ನುಂಗಿಕೊಂಡು ಮುಂದೆ ಹೋಗಿದ್ದರೆ ನಿಮ್ಮಲ್ಲಿ ಎರಡು ನಾಲ್ಕನೆಯ ಭಾಗಗಳು ಇರುತ್ತಿದ್ದವು. ಬಾಲಾಕ್ಷರಕ್ಕೆ ಬೇರೆಯೇ ಕಾಲಂ ಕೊಡಿ. ಮೊದಲು ಪೂರ್ಣಾಂಕದ ಮೇಲೆ, ನಂತರ ಬಾಲದ ಮೇಲೆ ವಿಂಗಡಿಸಿ. ಬಾಲ ಸಿ ಅಥವಾ ಡಿ ಆಗಿರುವಲ್ಲಿ ಇನ್ನೂ ಎಚ್ಚರ ಬೇಕು, ಏಕೆಂದರೆ ಅವೆರಡೂ ರೋಮನ್ ಅಂಕಿಗಳೇ. 1961ರ ಆದಾಯ ತೆರಿಗೆ ಅಧಿನಿಯಮದಲ್ಲಿ ಇಪ್ಪತ್ತು-ಸಿ ಎಂಬ ಅಧ್ಯಾಯವಿತ್ತು. ಮೂಲದಲ್ಲಿರುವ ನಡುಗೆರೆಯನ್ನು ಅಳಿಸಿದರೆ ಎಕ್ಸ್-ಎಕ್ಸ್-ಸಿ ಒಂದು ಪ್ರೋಗ್ರಾಂಗೆ 100, ಇನ್ನೊಂದಕ್ಕೆ 80. ನಡುಗೆರೆಯನ್ನು ‘ಶುಚಿ’ ಮಾಡುವ ಉತ್ಸಾಹ ಇಲ್ಲಿ ಬೇಡ.

ಭಾಗಗಳು ಒಂದರ ನಂತರ ಒಂದು ತಪ್ಪದೆ ಇರುತ್ತವೆ ಎಂದು ಎಣಿಸಿ ಪ್ರೋಗ್ರಾಂನಲ್ಲಿ ತಾನಾಗಿ ಸಂಖ್ಯೆ ಹಾಕಿಸಬೇಡಿ. 1956ರ 7ನೇ ತಿದ್ದುಪಡಿ ಏಳನೆಯ ಭಾಗವನ್ನೇ ತೆಗೆದುಹಾಕಿತು. ಆರರ ನಂತರ ಎಂಟು. ಆ ಎಂಟನೆಯ ಭಾಗ ಮೂಲದಲ್ಲಿ ಸಿ ವರ್ಗದ ರಾಜ್ಯಗಳದ್ದು. ಅದರ 242ನೇ ಅನುಚ್ಛೇದದ ಶೀರ್ಷಿಕೆಯೇ ‘ಕೂರ್ಗ್’ ಎಂದಿತ್ತು, ಅದೇ ತಿದ್ದುಪಡಿಯಲ್ಲಿ ಅದೂ ಹೋಯಿತು. ನಿಮ್ಮ ಪಟ್ಟಿಯಲ್ಲಿ ಆ ಖಾಲಿ ಜಾಗ ಖಾಲಿಯಾಗಿಯೇ ಇದ್ದರೆ ಮಡಿಕೇರಿಯ ವಿದ್ಯಾರ್ಥಿಗಳು ಏಕೆಂದು ಕೇಳಿಯಾರು.

ಪ್ರಶ್ನೆ: ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚಿಸಿದ್ದ ಹಳೆಯ ಪುಸ್ತಕವನ್ನು ಯೂನಿಕೋಡಿಗೆ ಪರಿವರ್ತಿಸಿದೆ. ಕನ್ನಡವೆಲ್ಲ ಸರಿಯಾಗಿ ಬಂತು. ‘ಎಂ-ಸಿ-ಎಂ-ಎಲ್’ ಎಂಬ ರೋಮನ್ ಇಸವಿ ಇದ್ದಲ್ಲಿ ‘ಒಅಒಐ’ ಎಂದು ಬಂದಿದೆ!
(ಡಿಟಿಪಿ ಕೆಲಸಗಾರರು, ಸೋಮವಾರಪೇಟೆ)

ಉತ್ತರ: ಯೂನಿಕೋಡಿಗೆ ಮುಂಚಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ನುಡಿಯ ಆ ಹಳೆಯ ವಿನ್ಯಾಸದಲ್ಲಿ ಎಂ ಇರುವ ಜಾಗದಲ್ಲಿ ‘ಒ’, ಸಿ ಇರುವಲ್ಲಿ ‘ಅ’, ಡಿ ಇರುವಲ್ಲಿ ‘ಆ’, ವಿ ಇರುವಲ್ಲಿ ‘ಗಿ’, ಎಲ್ ಇರುವಲ್ಲಿ ‘ಐ’. ನಿಮ್ಮ ಪುಸ್ತಕದಲ್ಲಿ ರೋಮನ್ ಇಸವಿಗೆ ಇಂಗ್ಲಿಷ್ ಫಾಂಟ್ ಹಾಕಿದ್ದರು. ಪರಿವರ್ತಕ ಅದನ್ನು ಗಮನಿಸದೆ ಎಲ್ಲವನ್ನೂ ಕನ್ನಡವೆಂದೇ ತಿಳಿದು ತಿರುಗಿಸಿತು. 1950 ಹೀಗೆ ಒಅಒಐ ಆಯಿತು. ಇದರಲ್ಲೊಂದು ತಮಾಷೆಯಿದೆ: ಐವತ್ತಾಗಿದ್ದ ಎಲ್ ಈಗ ‘ಐ’ ಆಗಿದೆ, ಅದನ್ನು ನೋಡಿದ ಓದುಗ ರೋಮನ್ ಒಂದೆಂದು ಓದುತ್ತಾನೆ.

ಕನ್ನಡವಾದ ಮೇಲೆ ಹುಡುಕಿ ಬದಲಿಸಲು ಹೋಗಬೇಡಿ. ನಿಜವಾದ ‘ಒ’ಗಳೂ ‘ಅ’ಗಳೂ ಜೊತೆಗೆ ಕೆಡುತ್ತವೆ. ಮೂಲ ಕಡತಕ್ಕೇ ಹಿಂದಿರುಗಿ. ವರ್ಡ್ ಕಡತದಲ್ಲಿ ಪ್ರತಿ ತುಣುಕಿಗೂ ಅದರ ಫಾಂಟಿನ ಹೆಸರು ಅಂಟಿಕೊಂಡಿರುತ್ತದೆ, ನುಡಿ ಎಂದಿರುವ ತುಣುಕುಗಳನ್ನು ಮಾತ್ರ ಪರಿವರ್ತಿಸಿ ಉಳಿದುದನ್ನು ಮುಟ್ಟದಿದ್ದರೆ ಇಸವಿ ಉಳಿಯುತ್ತದೆ. ಯೂನಿಕೋಡಿನಲ್ಲಿ ರೋಮನ್ ಅಂಕಿಗಳಿಗೆಂದೇ ಬೇರೆ ಸಂಕೇತಗಳೂ ಇವೆ, ಐ-ವಿ ಎಂಬುದು ಅಲ್ಲಿ ಒಂದೇ ಅಕ್ಷರ. ಬೇರೆಡೆಯಿಂದ ನಕಲು ಮಾಡಿ ತಂದ ಬರಹದಲ್ಲಿ ಅವು ನುಸುಳಿದ್ದರೆ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಏಳು ಅಕ್ಷರ ಮಾತ್ರ ಬಲ್ಲ ಪ್ರೋಗ್ರಾಂ ನಿಂತುಬಿಡುತ್ತದೆ. ಓದುವ ಮೊದಲು ಬರಹವನ್ನು ‘ಎನ್‌ಎಫ್‌ಕೆಸಿ’ ಎಂಬ ಸಾಮಾನ್ಯೀಕರಣಕ್ಕೆ ಒಳಪಡಿಸಿದರೆ ಅವು ಬಿಡಿ ಬಿಡಿ ಅಕ್ಷರಗಳಾಗಿ ಒಡೆಯುತ್ತವೆ.

ಪ್ರಶ್ನೆ: ಸೊನ್ನೆಗೆ ರೋಮನ್ ಅಂಕಿ ಯಾವುದು? 4000ಕ್ಕೆ? ಡೇಟಾಬೇಸಿನಲ್ಲಿ ರೋಮನ್ ಅಂಕಿಗೆ ಎಷ್ಟು ಅಕ್ಷರಗಳ ಜಾಗ ಇಡಬೇಕು?
(ಪ್ರೌಢಶಾಲಾ ಶಿಕ್ಷಕರು, ನಾಪೋಕ್ಲು)

ಉತ್ತರ: ಸೊನ್ನೆಗೆ ಚಿಹ್ನೆಯಿಲ್ಲ. 4000ಕ್ಕೆ ಐ-ವಿಯ ಮೇಲೆ ಗೆರೆ ಎಳೆದು ಸಾವಿರ ಪಟ್ಟು ಎಂದು ಸೂಚಿಸುವ ಕ್ರಮವಿದೆಯಾದರೂ ಸಾದಾ ಬರಹದಲ್ಲಿ ಆ ಮೇಲ್ಗೆರೆ ಸುಲಭವಾಗಿ ಕಳೆದುಹೋಗುತ್ತದೆ. ಜಾಗದ ಪ್ರಶ್ನೆಗೆ ಉತ್ತರ ನೀವು ಎಷ್ಟು ಉದಾರಿಗಳು ಎಂಬುದರ ಮೇಲೆ ನಿಂತಿದೆ. ಶಾಲೆಯ ರೂಪದಲ್ಲಿ ಅತಿ ಉದ್ದವಾದುದು 3888. ಅದಕ್ಕೆ 15 ಅಕ್ಷರ ಸಾಕು, ಪೋಸ್ಟ್‌ಗ್ರೆಸ್ ಇಡುವುದೂ ಅಷ್ಟೇ ಅಗಲ. ಪೊನ್ನಂಪೇಟೆಯ ಗುಮಾಸ್ತರಂತೆ ನಾಲ್ಕು ಐ, ನಾಲ್ಕು ಎಕ್ಸ್, ನಾಲ್ಕು ಸಿ ಬರೆಯುವವರ ಅಂಕಿಗಳನ್ನೂ ಇರುವಂತೆಯೇ ಉಳಿಸಿಕೊಳ್ಳುವುದಾದರೆ 3999 ಅವರ ಕೈಯಲ್ಲಿ 18 ಅಕ್ಷರ ಹಿಡಿಯುತ್ತದೆ, ಹದಿನೆಂಟೇ ಇಡಿ.